'ಜೋ' ಕ್ಲೆಮೆಟಿಸ್ ನೆಡುವ ಮೊದಲು ಇದನ್ನು ಓದಿ

ಇಂಗ್ಲೆಂಡಿನಲ್ಲಿ ಪುಟ್ಟ ಹಿತ್ತಲು ಇಟ್ಟುಕೊಂಡಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಏಪ್ರಿಲ್‌ನಲ್ಲಿ ನರ್ಸರಿಗೆ ಹೋದರೆ 'ಜೋ' ಅನ್ನುವ ಕುಳ್ಳ ಕ್ಲೆಮೆಟಿಸ್ ನಿಮ್ಮ ಕಣ್ಣಿಗೂ ಬೀಳಬಹುದು. ಕ್ಲೆಮೆಟಿಸ್ ಅಂದರೆ ಹೆಚ್ಚಾಗಿ ಬಳ್ಳಿಯಾಗಿ ಹಬ್ಬುವ ಹೂಗಿಡ. ಎಲೆ ಮುಚ್ಚುವಷ್ಟು ಬಿಳಿ ಹೂ. ಎಲೆ ಕೊತ್ತಂಬರಿ ಸೊಪ್ಪಿನ ಹಾಗೆ ಸೀಳು ಸೀಳು, ಆದರೆ ದಪ್ಪ, ವರ್ಷವಿಡೀ ಹಸಿರು. ನೋಡಿದ ಕೂಡಲೇ ನಾನೂ ಒಂದು ತಂದೆ.

ಅಂಗಡಿಯವರು ಹೇಳಿದ್ದು ಒಂದೇ ಮಾತು: ಕ್ಲೆಮೆಟಿಸ್ ಅಲ್ವಾ, ಆಳವಾಗಿ ನೆಡಿ, ಬುಡ ಎರಡು ಮೂರು ಇಂಚು ಮಣ್ಣಿನೊಳಗೆ ಹೋಗಲಿ. ಹಾಗೇ ಮಾಡಿದೆ. ನಮ್ಮದು ಜೇಡಿಮಣ್ಣು. ಬೇಸಿಗೆಯಲ್ಲಿ ಗಿಡ ಚೆನ್ನಾಗಿಯೇ ಇತ್ತು. ಅಕ್ಟೋಬರ್‌ನಲ್ಲಿ ಶುರುವಾದ ಮಳೆ ನಿಲ್ಲಲಿಲ್ಲ. ಜನವರಿಯಲ್ಲಿ ತುದಿ ಎಲೆಗಳು ಕಂದಾದವು. ಚಳಿಗೆ ಹೀಗಾಗಿದೆ ಅಂದುಕೊಂಡು ಬಟ್ಟೆ ಹೊದಿಸಿದೆ. ಮಾರ್ಚ್‌ನಲ್ಲಿ ಕಿತ್ತು ನೋಡಿದರೆ ಬುಡ ಕಪ್ಪಾಗಿ, ಒತ್ತಿದರೆ ಮೆತ್ತಗಿತ್ತು. ಪೂರ್ತಿ ಕೊಳೆತುಹೋಗಿತ್ತು. ತುಂಬಾ ಸಂಕಟವಾಯಿತು.

ಆಮೇಲೆ ಓದಿ ತಿಳಿದುಕೊಂಡೆ. ಆಳವಾಗಿ ನೆಡುವುದು ದೊಡ್ಡ ಹೂ ಬಿಡುವ, ಚಳಿಗಾಲದಲ್ಲಿ ಎಲೆ ಉದುರಿಸುವ ಕ್ಲೆಮೆಟಿಸ್‌ಗಳಿಗೆ ಸರಿ. ರೋಗ ಬಂದು ಮೇಲಿನ ಬಳ್ಳಿ ಸತ್ತರೂ ಮಣ್ಣಿನೊಳಗಿಂದ ಮತ್ತೆ ಚಿಗುರುತ್ತದೆ. ಎಲೆ ಉದುರಿಸದ ಜಾತಿಗಳ ಬುಡ ಮಾತ್ರ ಮಣ್ಣಿನ ಮಟ್ಟದಲ್ಲೇ ಇರಬೇಕು. 'ಜೋ' ಹುಟ್ಟಿದ್ದು ನ್ಯೂಜಿಲೆಂಡಿನ ಎರಡು ಜಾತಿಗಳ ಬೆರಕೆಯಿಂದ. ಅದರಲ್ಲಿ ಒಂದು ದಕ್ಷಿಣ ದ್ವೀಪದ ಅಮೃತಶಿಲೆಯ ಬೆಟ್ಟಗಳಲ್ಲಿ, ಕಲ್ಲಿನ ಬಿರುಕಿನಲ್ಲಿ ಬೆಳೆಯುವ ಗೇಣುದ್ದವೂ ಇಲ್ಲದ ಗಿಡ. ಅಲ್ಲಿ ಬಿದ್ದ ನೀರು ಬೇರಿನ ಹತ್ತಿರ ನಿಲ್ಲುವುದೇ ಇಲ್ಲ. ಅಂಥ ಗಿಡವನ್ನು ಒದ್ದೆ ಜೇಡಿಮಣ್ಣಿನಲ್ಲಿ ಹೂತರೆ ಬದುಕುವುದು ಹೇಗೆ? ಸ್ವಲ್ಪ ಹಿಮವನ್ನು ಅದು ತಡೆಯುತ್ತದೆ. ಚಳಿಯ ಜೊತೆ ನೀರೂ ನಿಂತರೆ ತಡೆಯುವುದಿಲ್ಲ.

ಈಗ ಇನ್ನೊಂದು ತಂದು ಮಣ್ಣಿನ ಕುಂಡದಲ್ಲಿ ಇಟ್ಟಿದ್ದೇನೆ. ಕಾಂಪೋಸ್ಟ್ ಜೊತೆ ಮೂರನೇ ಒಂದು ಭಾಗ ಸಣ್ಣ ಜಲ್ಲಿ. ಬುಡದ ಸುತ್ತಲೂ ಜಲ್ಲಿ ಹರಡಿದ್ದೇನೆ. ನೀರು ಹರಿದುಹೋಗಲಿ ಅಂತ ಕುಂಡದ ಕೆಳಗೆ ಇಟ್ಟಿಗೆ ಚೂರುಗಳು. ನವೆಂಬರ್‌ನಿಂದ ಗೋಡೆಯ ಪಕ್ಕ, ಸೂರಿನ ಕೆಳಗೆ, ಮಳೆ ಬೀಳದ ಕಡೆ ಇಡುತ್ತೇನೆ. ಹಾಗಂತ ಪೂರ್ತಿ ಒಣಗಲು ಬಿಡಬೇಡಿ, ಬೇಸಿಗೆಯಲ್ಲಿ ಕುಂಡದ ಗಿಡಕ್ಕೆ ನೀರು ಜಾಸ್ತಿಯೇ ಬೇಕು.

ಇನ್ನೊಂದು ವಿಷಯ. ಫೆಬ್ರವರಿಯಲ್ಲಿ ಕ್ಲೆಮೆಟಿಸ್ ಕತ್ತರಿಸಿ ಅಂತ ಯಾರಾದರೂ ಹೇಳಿದರೆ ಈ ಗಿಡಕ್ಕೆ ಕತ್ತರಿ ಹಾಕಬೇಡಿ. ಹಿಂದಿನ ವರ್ಷದ ಕಡ್ಡಿಯಲ್ಲೇ ಇದು ಹೂ ಬಿಡುವುದು, ಕತ್ತರಿಸಿದರೆ ಆ ವರ್ಷದ ಹೂವೇ ಹೋಯಿತು. ಹೂ ಮುಗಿದ ಮೇಲೆ ಸುಮ್ನೆ ತುದಿ ಸವರಿದರೆ ಸಾಕು. ಆಗ ಕೈಗವಸು ಹಾಕಿಕೊಳ್ಳಿ, ಇದರ ರಸ ತಗುಲಿದರೆ ಚರ್ಮ ಉರಿಯುತ್ತದೆ.