ಹೊಲಿಗೆಗೆ ನಾಲ್ಕು ಚುಕ್ಕಿ, ಬಾಯಿಗೆ ಒಂದು

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರದ ಗಲ್ಲಿಯಲ್ಲಿ ಜಂಪರ್ (ಸೀರೆಯ ರವಿಕೆ) ಮಾತ್ರ ಹೊಲಿಯುವ ಈ ಟೇಲರ್ ಅಂಗಡಿಯ ಹೊಲಿಗೆಗೆ ಹೆಸರಿಡುವಂತಿಲ್ಲ. ಕಟೋರಿ ಇರಲಿ, ಪ್ರಿನ್ಸೆಸ್ ಕಟ್ ಇರಲಿ, ಕೊರಳಿನ ಪೈಪಿಂಗ್ ಎಲ್ಲೂ ತಿರುಚುವುದಿಲ್ಲ. ಹುಕ್ಕಿನ ಪಟ್ಟಿ ನೆಟ್ಟಗೆ ಕೂಡುತ್ತದೆ. ಖಣದ ಅಂಚು ಎರಡೂ ತೋಳಿಗೆ ಒಂದೇ ಮಟ್ಟಕ್ಕೆ ಬರುತ್ತದೆ. ಪಂಚಮಿಯ ಹಿಂದುಮುಂದಿನ ದಿನ ಬಿಟ್ಟರೆ ಹೇಳಿದ ತಾರೀಖಿಗೆ ಕೊಡುತ್ತಾರೆ. ಇಷ್ಟಾದರೂ ಒಮ್ಮೆ ಹೊಲಿಸಿದ ಎಷ್ಟೋ ಮಂದಿ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ.

ಕಾರಣ, ಟೇಪು ಹಿಡಿದಾಗ ಬರುವ ಮಾತು. "ಅಕ್ಕಾರ, ತೋಳು ಭಾಳ ದಪ್ಪ ಅದಾವ್ರಿ." "ಈ ಡಿಸೈನ್ ತೆಳ್ಳಗಿದ್ದವರಿಗೆ ಒಪ್ಪತೈತ್ರಿ, ನಿಮಗಲ್ಲ." ಅಳತೆ ಕೊಡುವವಳು ಎರಡೂ ಕೈ ಎತ್ತಿ ನಿಂತಿರುತ್ತಾಳೆ, ಟೇಪು ಎದೆ ಸುತ್ತಿರುತ್ತದೆ, ಅತ್ತ ಇತ್ತ ತಿರುಗುವಂತಿಲ್ಲ. ಆಗಲೇ "ನಲವತ್ತೆರಡೂವರಿ!" ಎಂದು ಕೂಗಿದರೆ ಕೌಂಟರಿನ ಹುಡುಗ ಬರೆದುಕೊಳ್ಳಬೇಕು, ಬೆಂಚಿನ ಮೇಲೆ ಕುಳಿತ ನಾಲ್ವರು ಕೇಳಿಸಿಕೊಳ್ಳಬೇಕು. ಜಂಪರ್ ಹರಿದು ಕೌದಿಯ ತುಂಡಾದರೂ ಆ ಮಾತು ಹಾಗೇ ಉಳಿಯುತ್ತದೆ.

ಹೊಲಿಗೆ ಬಲ್ಲವರಿಗೆ ಇದರಲ್ಲಿ ಇನ್ನೊಂದು ಸಿಟ್ಟಿದೆ. ಬಿಗಿಯಾದ ಜಂಪರ್ ತಿರುಗಿ ತಂದಾಗ "ನೀವ ದಪ್ಪ ಆಗೀರಿ" ಎನ್ನುತ್ತಾರಲ್ಲ, ಆ ಮಾತು ಬಹಳ ಸಲ ಕತ್ತರಿಯ ತಪ್ಪಿಗೆ ಹಾಕಿದ ತೇಪೆ.

ಮೊದಲು ಅಸ್ತರ, ಅಂದರೆ ಜಂಪರಿನ ಒಳಬಟ್ಟೆ ನೋಡಿ. ಹೊಸ ಕಾಟನ್ ಅಸ್ತರವನ್ನು ನೀರಿನಲ್ಲಿ ತೋಯಿಸಿ, ಒಣಗಿಸಿ, ಇಸ್ತ್ರಿ ಮಾಡಿ ಕತ್ತರಿಸಬೇಕು. ಗಡಿಬಿಡಿಯಲ್ಲಿ ಬಿಡುವುದು ಇದನ್ನೇ. ನೂರಕ್ಕೆ ಮೂರರಷ್ಟು ಕುಗ್ಗಿದರೂ 36 ಇಂಚಿನ ಎದೆಸುತ್ತಿನಲ್ಲಿ ಒಂದು ಇಂಚು ಹೋಯಿತು. ಪರೀಕ್ಷೆ ಸುಲಭ: ಮೊದಲ ಸಲ ಒಗೆದ ಮೇಲೆ ಜಂಪರ್ ಬಿಗಿಯಾಗಿ, ಮೇಲಿನ ಬಟ್ಟೆ ಒಳಗಿನ ಅಸ್ತರದ ಮೇಲೆ ಸಡಿಲವಾಗಿ ಸುಕ್ಕುಗಟ್ಟಿದ್ದರೆ ಕುಗ್ಗಿದ್ದು ಅಸ್ತರ. ಅದಕ್ಕೂ ನಿಮ್ಮ ಊಟಕ್ಕೂ ಸಂಬಂಧವಿಲ್ಲ.

ತೋಳಿನದು ಇನ್ನೂ ಮೋಜಿನದು. ಮೊಣಕೈವರೆಗಿನ ತೋಳಿಗೆ ಕೈ ನೆಟ್ಟಗೆ ಇಳಿಬಿಟ್ಟು ಸುತ್ತಳತೆ ತೆಗೆದರೆ, ಕೈ ಮಡಚಿದ ಕೂಡಲೇ ಬಟ್ಟೆ ಕಚ್ಚುತ್ತದೆ. ಮಡಚಿದ ಕೈಗೆ ಅಳತೆ ತೆಗೆದು, ಮೇಲೆ ಒಂದು ಇಂಚು ಸಡಿಲ ಕೊಡಬೇಕು. ಬಗಲನ್ನು ಕಡಿಮೆ ಕೊರೆದಿದ್ದರೆ ತೋಳಿನ ಬುಡದಲ್ಲಿ ಗೆರೆ ಮೂಡುತ್ತದೆ. ಅದನ್ನು ಬಿಚ್ಚಿ ಸ್ವಲ್ಪ ಕೊರೆದರೆ ಸರಿಹೋಗುತ್ತದೆ. ಹೆಚ್ಚು ಆಳಕ್ಕೆ ಕೊರೆದಿದ್ದರೆ ಕೈ ಎತ್ತಿದಾಗ ಇಡೀ ಜಂಪರ್ ಮೇಲೆದ್ದು ಬರುತ್ತದೆ, ಅದಕ್ಕೆ ಬಗಲಲ್ಲಿ ತುಂಡು ಜೋಡಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಎರಡಕ್ಕೂ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: ತೋಳು ದಪ್ಪ.

ಮುಂಭಾಗ ಮೇಲೇರುವುದಕ್ಕೆ ಹೆಗಲಿನಿಂದ ಎದೆಯ ಪಾಯಿಂಟ್‌ವರೆಗಿನ ಅಳತೆ ಕಡಿಮೆ ಹಿಡಿದಿದ್ದು ಕಾರಣ. ಹೆಗಲಿನಿಂದ ಜಾರುವುದಕ್ಕೆ ಮುಂದೆ ಹಿಂದೆ ಎರಡೂ ಕಡೆ ಕೊರಳು ಅಗಲವಾಗಿದ್ದು. "ನಿಮ್ಮ ಹೆಗಲ ಇಳಿಜಾರ ಅದಾವ" ಎಂದರೆ ಇರಬಹುದು. ಇಳಿಜಾರಿಗೆ ತಕ್ಕಂತೆ ಕತ್ತರಿಸುವುದಕ್ಕೇ ಅಲ್ಲವೇ ಟೇಲರ್ ಇರುವುದು?

ಇನ್ನು ಮಾರ್ಜಿನ್. ಈ ಅಂಗಡಿಯ ನಿಜವಾದ ಗುಣ ಇಲ್ಲಿದೆ. ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡುತ್ತಾರೆ. ಅರ್ಧ ಇಂಚು ಉಳಿಸಿಕೊಂಡು ಬಿಚ್ಚಿದರೂ ಮುಂದೆ ಎರಡು, ಹಿಂದೆ ಎರಡು ಅಂಚು ಸೇರಿ ಒಟ್ಟು ನಾಲ್ಕು ಇಂಚು ಸಡಿಲವಾಗುತ್ತದೆ. ಒಂದೇ ಇಂಚು ಬಿಡುವ ಕಡೆ ಸಿಗುವುದು ಎರಡೇ ಇಂಚು. ಬಾಣಂತನದ ನಂತರವೂ ಅದೇ ಜಂಪರ್ ತೊಡಬಹುದು ಎನ್ನುವಷ್ಟು ಉದಾರ ಕತ್ತರಿ. ಬಾಯಿಗೆ ಮಾತ್ರ ಮಾರ್ಜಿನ್ನೇ ಇಲ್ಲ.

ಬಟ್ಟೆಯ ವಿಷಯದಲ್ಲೂ ಒಂದು ಚುಚ್ಚುಮಾತು ಕಾದಿರುತ್ತದೆ. ಉಡಿ ತುಂಬಿದಾಗ ಬಂದ 80 ಸೆಂಟಿಮೀಟರಿನ ಪೀಸು ಒಯ್ದರೆ "ನಿಮ್ಮ ಮೈಗೆ ಇದು ಎಲ್ಲಿ ಸಾಲತೈತ್ರಿ" ಎನ್ನುತ್ತಾರೆ. ಉದ್ದ ತೋಳು ಬೇಕೆಂದರೆ ಆ ಪೀಸು ತೆಳ್ಳಗಿನವರಿಗೂ ತಿಣುಕುತ್ತದೆ, ಒಂದು ಮೀಟರ್ ಬೇಕು. ಗುಳೇದಗುಡ್ಡದ ಖಣವಾದರೆ ಪನ್ನ (ಬಟ್ಟೆಯ ಅಗಲ) ಕಡಿಮೆ, ಕೊಳ್ಳುವ ಮುಂಚೆಯೇ ತೋಳಿನ ಉದ್ದ ಹೇಳಿ ಎಷ್ಟು ತರಬೇಕು ಎಂದು ಕೇಳಿಬಿಡಿ.

ಅಷ್ಟಾದರೂ ಇಲ್ಲಿ ಹೊಲಿಸುವ ಮನಸ್ಸಿದ್ದರೆ ಮೈ ಅಳತೆ ಕೊಡಬೇಡಿ, ಅಳತಿ ಜಂಪರ್ ಕೊಡಿ. ನಾಲ್ಕಾರು ಸಲ ಒಗೆದು, ಕುಗ್ಗುವಷ್ಟು ಕುಗ್ಗಿ, ಈಗಲೂ ಸರಿಯಾಗಿ ಕೂಡುವಂಥದ್ದನ್ನೇ ಆರಿಸಿ. ಬಿಚ್ಚಿ ಸಡಿಲ ಮಾಡಿದ್ದಾದರೆ ಹಳೆಯ ಹೊಲಿಗೆಯ ಗುರುತು ಉಳಿದಿರುತ್ತದೆ, ಹುಡುಗ ಅದನ್ನೇ ಹಿಡಿದು ಅಳೆದಾನು. ಹುಕ್ಕು ಹಾಕಿ, ಹಾಸಿ, ಬಗಲಿನಿಂದ ಬಗಲಿಗೆ ಮನೆಯಲ್ಲೇ ಅಳೆದು, ದುಪ್ಪಟ್ಟು ಮಾಡಿ ಚೀಟಿಯಲ್ಲಿ ಬರೆದು ಒಳಗೆ ಪಿನ್ ಮಾಡಿ. ಕೊಡುವಾಗ ಒಂದೇ ಪ್ರಶ್ನೆ ಕೇಳಿ: "ಅಸ್ತರ ತೋಯ್ಸಿ ಕತ್ತರಸ್ತೀರೇನ್ರಿ?" ಇದನ್ನು ಕೇಳಿದ ಗಿರಾಕಿಯ ತೋಳಿನ ಬಗ್ಗೆ ಅಲ್ಲಿ ಯಾರೂ ಮಾತೆತ್ತುವುದಿಲ್ಲ.