ಸೀಸದ ಗುಂಡಿಗೆ ಪ್ಲಾಸ್ಟಿಕ್ ವರ್ನಿಯರೇ ಸರಿ

ಮಣ್ಣಿನಡಿ ಹಳೆಯ ಕೋವಿ ಗುಂಡು, ತೋಟೆ ಹುಡುಕುವವರೆಲ್ಲರೂ ಮೆಟಲ್ ಡಿಟೆಕ್ಟರ್ ಯಾವುದು ಒಳ್ಳೆಯದು ಎಂದೇ ಕೇಳುತ್ತಾರೆ. ಅದು ಕೂಗುತ್ತದೆ, ಅಷ್ಟೆ. ಕಬ್ಬಿಣದ ಅಂಶವಿರುವ ನಮ್ಮ ಕೆಂಪು ಮುರಕಲ್ಲಿನ ನೆಲದಲ್ಲಂತೂ ಸುಮ್ಮಸುಮ್ಮನೆ ಕೂಗುತ್ತದೆ. ಸಿಕ್ಕಿದ್ದು ಏನೆಂದು ತಿಳಿಯಲು ನೆರವಾಗುವುದು ಕಾಸರಗೋಡು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮುನ್ನೂರು ರೂಪಾಯಿಯೊಳಗೆ ಕೊಂಡ ಡಿಜಿಟಲ್ ವರ್ನಿಯರ್, ಅಂದರೆ ವಸ್ತುವನ್ನು ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಸಾಧನ. ಪೆಟ್ಟಿಗೆಯ ಮೇಲೆ ಕಂಪೆನಿಯ ಹೆಸರೂ ಇಲ್ಲ.

ಐಟಿಐಯಲ್ಲಿ ಫಿಟ್ಟರ್ ಮಕ್ಕಳಿಗೆ ಕಲಿಸಿ ನಿವೃತ್ತನಾದವ ನಾನು. ಸ್ಟೀಲಿನ ವರ್ನಿಯರ್ ಮನೆಯಲ್ಲಿದೆ. ಆದರೂ ಪ್ಲಾಸ್ಟಿಕ್ಕಿನದ್ದನ್ನೇ ಕೇಳಿ ತಂದೆ. ಸೀಸ ಮೆತ್ತಗೆ. ಸ್ಟೀಲು ತಾಗಿದರೆ ಗೆರೆ ಬೀಳುತ್ತದೆ, ಮಣ್ಣಿನಡಿ ಇದ್ದು ಇದ್ದು ಕೂತ ಬಿಳಿ ಪದರ ಎದ್ದು ಹೋಗುತ್ತದೆ. (ಆ ಬಿಳಿ ವಿಷ. ಕೈ ತೊಳೆಯದೆ ವೀಳ್ಯ ಹಾಕಬೇಡಿ.)

ನಮ್ಮದು ಬದಿಯಡ್ಕದ ಕಡೆ ಅಡಿಕೆ ತೋಟ. ಕೆಳದಿಯವರು, ಹೈದರ್, ಟಿಪ್ಪು, ಈಸ್ಟ್ ಇಂಡಿಯಾ ಕಂಪೆನಿ ಎಲ್ಲರೂ ಆಳಿದ ಸೀಮೆ. ದುಂಡಗಿನ ಸೀಸ ಕಂಡರೆ ಸಾಕು, "ಇದು ಟಿಪ್ಪುವಿನದ್ದೇ ಮಾಸ್ಟ್ರೇ" ಅನ್ನುತ್ತಾರೆ ಕೆಲಸದವರು. ಅಳೆದು ನೋಡಬೇಕು. ಕಂಪೆನಿ ಸಿಪಾಯಿಗಳ ಬ್ರೌನ್ ಬೆಸ್ ಕೋವಿಯ ನಳಿಗೆ ಮುಕ್ಕಾಲು ಇಂಚು. ಗುಂಡು ಸ್ವಲ್ಪ ಸಣ್ಣ, ಸುಮಾರು 17.5 ಮಿ.ಮೀ., ತೂಕ 32 ಗ್ರಾಂ ಹತ್ತಿರ. ಅಳತೆ ಅಷ್ಟೇ ಇದ್ದು ತೂಕ 22 ಗ್ರಾಂ ಬಂದರೆ ಅದು ಲಾರಿ ಬೇರಿಂಗಿನ ಉಕ್ಕಿನ ಗುಂಡು, ಅಯಸ್ಕಾಂತ ಹಿಡಿದು ನೋಡಿ. ಫ್ರೆಂಚ್ ಮಾದರಿಯ ಕೋವಿಯ ಗುಂಡು ಇನ್ನೂ ಸಣ್ಣ, 16ರ ಆಸುಪಾಸು. 12–13 ಬಂದರೆ ನನಗೆ ಮೊದಲು ನೆನಪಾಗುವುದು ಅಜ್ಜಂದಿರ ಕೇಪಿನ ಕೋವಿ. ಹಂದಿ ಹೊಡೆಯಲು ಮನೆಯಲ್ಲೇ ಸೀಸ ಕರಗಿಸಿ ಎರಕ ಹೊಯ್ಯುತ್ತಿದ್ದರಲ್ಲ! ನಡುವೆ ತೂತಿದ್ದರೆ ಮೀನುಬಲೆಯದ್ದು.

ಹಿತ್ತಾಳೆ ತೋಟೆಗೆ (ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕವಚ) ಈ ವರ್ನಿಯರ್ ಇನ್ನೂ ಚೆನ್ನ. ಉದ್ದ 56 ಮಿ.ಮೀ., ತಳದ ಅಂಚು 13.7 ಇದ್ದರೆ .303 ರೈಫಲಿನದ್ದು. ತಳದಲ್ಲಿ ಇಂಗ್ಲಿಷಿನ ಕೆ, ಎಫ್ ಅಕ್ಷರ ಕಂಡರೆ ಪುಣೆ ಹತ್ತಿರದ ಕಿರ್ಕಿ ಕಾರ್ಖಾನೆಯದ್ದು. ತಳ 22.5 ಬಂದರೆ ತೋಟ ಕಾಯುವ ಹನ್ನೆರಡು ಬೋರಿನ ಕೋವಿಯದ್ದು. ಈ ಹಿತ್ತಾಳೆ ತಳವನ್ನೇ ಹಳೆ ಪಲ್ಟಣಿನವರ ಅಂಗಿಯ ಗುಂಡಿ ಅಂತ ತಂದು ತೋರಿಸುವವರು ಬಹಳ.

ಕೊರತೆ ಇಲ್ಲದಿಲ್ಲ. ಬೆವರು ಕೈಯಲ್ಲಿ, ಮಳೆಗಾಲದ ತೇವದಲ್ಲಿ ಅಂಕಿಗಳು ಕುಣಿಯುತ್ತವೆ. ಆಫ್ ಮಾಡಿಟ್ಟರೂ ಬಟನ್ ಬ್ಯಾಟರಿ ಇಳಿಯುತ್ತದೆ, ತೆಗೆದಿಡುವುದೇ ಕ್ಷೇಮ. 0.1 ಮಿ.ಮೀ.ಗಿಂತ ಸೂಕ್ಷ್ಮ ತೋರಿಸುವುದಿಲ್ಲ. ಈ ಕೆಲಸಕ್ಕೆ ಅಷ್ಟು ಬೇಡವೂ ಬೇಡ.

2018ರಲ್ಲಿ ಹೊಸನಗರ ತಾಲೂಕಿನ ನಗರ ಎಂಬ ಊರಿನ ಹಳೇ ಬಾವಿಯಲ್ಲಿ ಸಾವಿರಕ್ಕೂ ಮಿಕ್ಕಿ ಮೈಸೂರು ರಾಕೆಟ್ (ಟಿಪ್ಪು ಕಾಲದ, ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಯುದ್ಧಾಸ್ತ್ರ) ಸಿಕ್ಕ ಮೇಲೆ ಕಬ್ಬಿಣದ ಕೊಳವೆಗೆಲ್ಲ ಮರ್ಯಾದೆ ಬಂದಿದೆ. ನಮ್ಮ ಭಾವ ಒಂದು ತುಂಡು ಹೊತ್ತು ತಂದರು. ತುದಿಯಲ್ಲಿ ಚಂದದ ಥ್ರೆಡ್ಡು, ಹೊರಗಿನ ಅಡ್ಡಳತೆ ಸರಿಯಾಗಿ ನೀರಿನ ಒಂದೂವರೆ ಇಂಚಿನ ಜಿಐ ಪೈಪಿನದ್ದು. "ಭಾವಾ, ಇದು ಪಂಪಿನ ರಾಕೆಟ್ಟು" ಎಂದೆ. ಕಾಫಿ ಕುಡಿಯದೆ ಹೋದರು.

ಬೇಕಲ ಕೋಟೆ ಹತ್ತಿರ ಡಿಟೆಕ್ಟರ್ ಒಯ್ಯಬೇಡಿ, ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸ್ವಂತ ಜಾಗದಲ್ಲೇ ಬೆಲೆಬಾಳುವ ಹಳೆಯ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇನ್ನು ಎರಡೂ ತುದಿ ಮುಚ್ಚಿದ, ಭಾರದ ಶೆಲ್ ತರಹದ್ದು ಕಂಡರೆ ಅಳೆಯಲು ಹೋಗಬೇಡಿ. ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಪೊಲೀಸರಿಗೆ ಫೋನ್ ಮಾಡಿ.