ಸಿ ಕೋಡ್ ತಿದ್ದಲು ಇಮ್ಯಾಕ್ಸ್ ಲಿಸ್ಪ್: ಏಳೆಂಟು ವರ್ಷ ಬಳಸಿದವನ ಅನುಭವ

ಅಂಕ ಮೊದಲೇ ಹೇಳಿಬಿಡುತ್ತೇನೆ: 5ಕ್ಕೆ 4. ಒಂದು ಅಂಕ ಯಾಕೆ ಕಡಿಮೆ ಅನ್ನುವುದು ಆಮೇಲೆ.

ಸಣ್ಣ ಅಳತೆ ಉಪಕರಣಗಳಿಗೆ ಫರ್ಮ್‌ವೇರ್, ಅಂದರೆ ಅವುಗಳ ಒಳಗೆ ಓಡುವ ಪ್ರೋಗ್ರಾಂ, ಬರೆಯುವುದು ನನ್ನ ಕೆಲಸ. ಎಲ್ಲವೂ ಸಿ ಭಾಷೆಯಲ್ಲಿ. 2017ರಲ್ಲಿ ಇಮ್ಯಾಕ್ಸ್ ಹಾಕಿಕೊಂಡಾಗ ಅದು ನನಗೆ ಬರೀ ಒಂದು ಎಡಿಟರ್ ಆಗಿತ್ತು. ಅದರೊಳಗೇ ಇರುವ ಲಿಸ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು ಸೆಟ್ಟಿಂಗ್ ಫೈಲ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಮುಟ್ಟಿರಲಿಲ್ಲ. ಮುಂದಿನ ವರ್ಷ ಬಂದ ಒಂದು ಕೆಲಸದಿಂದ ಅದು ಬದಲಾಯಿತು.

ನಮ್ಮ ಹಳೆಯ ಉಪಕರಣಕ್ಕೆ ಒಂದೇ ಸೆನ್ಸರ್. ಗೇನ್, ಆಫ್‌ಸೆಟ್, ಕೊನೆಯ ರೀಡಿಂಗ್, ಎಲ್ಲ ಗ್ಲೋಬಲ್ ವೇರಿಯಬಲ್‌ಗಳಲ್ಲಿ, ಅಂದರೆ ಇಡೀ ಪ್ರೋಗ್ರಾಂಗೆ ಕಾಣುವ ಹೆಸರುಗಳಲ್ಲಿ, ಇದ್ದವು. ಹೊಸ ಮಾಡೆಲ್‌ಗೆ ನಾಲ್ಕು ಸೆನ್ಸರ್ ಬೇಕು ಅಂದರು. ಹಾಗಾದರೆ ಆ ಗ್ಲೋಬಲ್‌ಗಳನ್ನೆಲ್ಲ ಒಂದು ಸ್ಟ್ರಕ್ಟ್ (ಹಲವು ವೇರಿಯಬಲ್‌ಗಳ ಕಟ್ಟು) ಒಳಗೆ ಹಾಕಬೇಕು. ಅದರ ಪಾಯಿಂಟರ್ ಅನ್ನು, ಅಂದರೆ ವಿಳಾಸವನ್ನು, ಪ್ರತಿ ಫಂಕ್ಷನ್‌ಗೂ ಮೊದಲ ಆರ್ಗ್ಯುಮೆಂಟ್ ಆಗಿ ಕೊಡಬೇಕು. ಫಂಕ್ಷನ್‌ಗಳು ಅರವತ್ತಕ್ಕೂ ಜಾಸ್ತಿ. ಅವನ್ನು ಕರೆಯುವ ಜಾಗಗಳು ಏಳುನೂರರ ಹತ್ತಿರ.

ಕೈಯಲ್ಲೇ ಮಾಡೋಣ ಅಂತ ಎರಡು ದಿನ ಕೂತೆ. ಮೂರನೇ ಫೈಲ್ ಹೊತ್ತಿಗೆ ಕಣ್ಣು ಸೋತುಹೋಗಿತ್ತು. ಒಂದೇ ಕರೆಗೆ ಎರಡು ಸಲ ಪಾಯಿಂಟರ್ ಸೇರಿಸಿದ್ದೆ. ಆಮೇಲೆ ಪಠ್ಯ ಹುಡುಕಿ ಬದಲಾಯಿಸುವ ಸೆಡ್ ಕಮಾಂಡ್ ಪ್ರಯತ್ನಿಸಿದೆ. ಫಂಕ್ಷನ್ ಹೆಸರಿನ ಪಕ್ಕದ ಆವರಣದಲ್ಲಿ ಪಾಯಿಂಟರ್ ತೂರಿಸುವುದೇನೋ ಸುಲಭ. ಆದರೆ ಆವರಣ ಖಾಲಿ ಇದ್ದರೆ ಅಲ್ಪವಿರಾಮ ಬೇಡ, ಒಳಗೆ ಏನಾದರೂ ಇದ್ದರೆ ಬೇಕು. ಡಿಕ್ಲರೇಶನ್‌ನಲ್ಲಿ ವಾಯ್ಡ್ ಅಂತ ಇದ್ದರೆ ಅದನ್ನು ತೆಗೆಯಬೇಕು. ಕಾಮೆಂಟ್ ಒಳಗೆ, ಸ್ಟ್ರಿಂಗ್ ಒಳಗೆ ಅದೇ ಹೆಸರು ಬಂದರೆ ಮುಟ್ಟಲೇಬಾರದು. ಒಂದು ರೆಜೆಕ್ಸ್‌ನಲ್ಲಿ (ಪಠ್ಯ ಹುಡುಕುವ ಮಾದರಿಯಲ್ಲಿ) ಇಷ್ಟನ್ನೂ ಹಿಡಿಯಲು ಹೋಗಿ ಮಧ್ಯಾಹ್ನವೆಲ್ಲ ಕಳೆಯಿತು.

ಆಗ ಇಮ್ಯಾಕ್ಸ್ ಲಿಸ್ಪ್ ನೆನಪಾಯಿತು. ಅದರಲ್ಲಿ ಫಾರ್ವರ್ಡ್-ಲಿಸ್ಟ್ ಅನ್ನುವ ಫಂಕ್ಷನ್ ಇದೆ. ಕರ್ಸರ್ ತೆರೆದ ಆವರಣದ ಮುಂದೆ ಇದ್ದರೆ ಅದಕ್ಕೆ ಜೋಡಿಯಾದ ಮುಚ್ಚಿದ ಆವರಣದ ಆಚೆಗೆ ಹಾರುತ್ತದೆ. ನಡುವೆ ಎಷ್ಟು ಆವರಣ ಬಂದರೂ ತಪ್ಪುವುದಿಲ್ಲ. ಸಿಂಟ್ಯಾಕ್ಸ್-ಪಿಪಿಎಸ್ಎಸ್ ಅನ್ನುವುದನ್ನು ಕೇಳಿದರೆ ಈ ಜಾಗ ಕಾಮೆಂಟ್ ಒಳಗಿದೆಯಾ, ಸ್ಟ್ರಿಂಗ್ ಒಳಗಿದೆಯಾ ಅಂತ ಹೇಳುತ್ತದೆ. ಸಿ ಫೈಲ್ ತೆರೆದಾಗ ಆ ಭಾಷೆಯ ಕೊಟೇಶನ್, ಕಾಮೆಂಟ್, ಆವರಣಗಳು ಎಡಿಟರ್‌ಗೆ ಮೊದಲೇ ಗೊತ್ತಿರುತ್ತವೆ. ನಾನು ಅದನ್ನೇ ಬಳಸಿಕೊಂಡೆ, ಅಷ್ಟೇ. ಇಪ್ಪತ್ತೈದು ಸಾಲಿನ ಲಿಸ್ಪ್ ಫಂಕ್ಷನ್ ಆಯಿತು.

ನನ್ನನ್ನು ಹಿಡಿದುಕೊಂಡಿದ್ದು ಅದನ್ನು ಬರೆದ ರೀತಿ. ಪರದೆಯ ಎಡಕ್ಕೆ ಸಿ ಫೈಲ್, ಬಲಕ್ಕೆ ಸ್ಕ್ರ್ಯಾಚ್ ಬಫರ್, ಅಂದರೆ ಇಮ್ಯಾಕ್ಸ್‌ನ ಕರಡು ಪುಟ. ಲಿಸ್ಪ್‌ನ ಒಂದು ಸಾಲು ಬರೆದು, ಕೊನೆಯ ಆವರಣ ಮುಗಿದ ಕೂಡಲೇ ಕರ್ಸರ್ ಇಟ್ಟು, ಕಂಟ್ರೋಲ್-ಎಕ್ಸ್ ಕಂಟ್ರೋಲ್-ಇ ಒತ್ತಿದರೆ ಆ ಸಾಲು ಅಲ್ಲೇ ಓಡುತ್ತದೆ. ಎಡಗಡೆ ಒಂದು ಕರೆ ಮಾತ್ರ ಬದಲಾಗುತ್ತದೆ. ತಪ್ಪಾಯಿತಾ, ಅನ್‌ಡು. ಸಾಲು ತಿದ್ದಿ ಮತ್ತೆ ಒತ್ತಿದರಾಯಿತು. ಒಂದು ಕರೆಗೆ ಸರಿಯಾದ ಮೇಲೆ ಒಂದು ಫಂಕ್ಷನ್‌ಗೆ, ಆಮೇಲೆ ಒಂದು ಫೈಲ್‌ಗೆ, ಕೊನೆಗೆ ಇಡೀ ಫೋಲ್ಡರ್‌ಗೆ. ಹೆಂಚಿನ ಮೇಲೆ ಮೊದಲ ದೋಸೆ ಹಾಕಿ, ಹಿಟ್ಟಿಗೆ ಸ್ವಲ್ಪ ನೀರು ಸೇರಿಸಿ, ಎರಡನೆಯದು ಹಾಕುವ ಹಾಗೆ. ಪೈಥಾನ್ ಸ್ಕ್ರಿಪ್ಟ್‌ನಲ್ಲೂ ಈ ಕೆಲಸ ಆಗುತ್ತದೆ, ನಾನೇ ಮಾಡಿದ್ದೇನೆ. ಆದರೆ ಅಲ್ಲಿ ಸ್ಕ್ರಿಪ್ಟ್ ಓಡಿಸಿ, ಡಿಫ್ (ಏನೇನು ಬದಲಾಯಿತು ಅನ್ನುವ ಪಟ್ಟಿ) ನೋಡಿ, ಫೈಲ್ ವಾಪಸ್ ತಂದು ಮತ್ತೆ ಓಡಿಸಬೇಕು. ಇಲ್ಲಿ ನಾನು ತಿದ್ದುತ್ತಿರುವ ಕೋಡ್ ನನ್ನ ಕಣ್ಣೆದುರೇ ಇರುತ್ತದೆ.

ಲಿಸ್ಪ್ 1958ರಷ್ಟು ಹಳೆಯದು, ಸಿ ಭಾಷೆಗಿಂತಲೂ ಹಿರಿಯದು. ಆವರಣ ನೋಡಿಯೇ ಹೆದರುವವರು ತುಂಬಾ ಜನ. ನನಗೆ ಅದು ಒಂದು ವಾರದಲ್ಲಿ ಅಭ್ಯಾಸ ಆಯಿತು.

2023ರ ಜುಲೈನಲ್ಲಿ ಇಮ್ಯಾಕ್ಸ್ 29 ಬಂತು. ಕೋಡ್ ಓದಿ ಅದರ ವ್ಯಾಕರಣ ಬಿಡಿಸುವ ಟ್ರೀ-ಸಿಟ್ಟರ್ ಅನ್ನುವ ಲೈಬ್ರರಿಗೆ ಬೆಂಬಲ ಒಳಗೇ ಸೇರಿಕೊಂಡು ಬಂತು. ಅಂದರೆ ಸಿ ಕೋಡ್‌ನ ಪೂರ್ತಿ ಸಿಂಟ್ಯಾಕ್ಸ್ ಟ್ರೀ ಲಿಸ್ಪ್ ಕೈಗೆ ಸಿಕ್ಕಿತು. ಈ ಹೆಸರಿನ ಫಂಕ್ಷನ್ ಕರೆಗಳನ್ನೆಲ್ಲ ಹುಡುಕಿ ಕೊಡು ಅಂತ ಒಂದು ಕ್ವೆರಿ ಬರೆದರೆ ಪಟ್ಟಿ ಬಂದುಬಿಡುತ್ತದೆ. ಕಾಮೆಂಟ್, ಸ್ಟ್ರಿಂಗ್ ಚಿಂತೆ ಇಲ್ಲ. ಆ ಟ್ರೀಯ ಒಂದೊಂದು ಗಂಟಿಗೆ ನೋಡ್ ಅನ್ನುತ್ತಾರೆ. ಸ್ಟ್ರಕ್ಟ್ ಒಳಗಿನ ಆಫ್‌ಸೆಟ್ ಬೇರೆ ಬಗೆಯ ನೋಡ್, ಬರೀ ಆಫ್‌ಸೆಟ್ ಅನ್ನುವ ವೇರಿಯಬಲ್ ಬೇರೆ ಬಗೆಯ ನೋಡ್. ಎರಡೂ ಬೆರೆಯುವುದಿಲ್ಲ.

ಹೊಸಬರು ಇಲ್ಲಿ ಎಡವುವ ಒಂದು ಜಾಗ ಇದೆ, ಮೊದಲೇ ಹೇಳುತ್ತೇನೆ. ಬಫರ್‌ನಲ್ಲಿ ಒಂದು ಅಕ್ಷರ ಬದಲಾದರೂ ನೀವು ಹಿಡಿದಿಟ್ಟುಕೊಂಡ ನೋಡ್‌ಗಳೆಲ್ಲ ಹಳತಾಗುತ್ತವೆ. ಮತ್ತೆ ಬಳಸಿದರೆ ಎರರ್ ಬರುತ್ತದೆ. ಅದಕ್ಕೆ ಮೊದಲು ಪ್ರತಿ ನೋಡ್‌ನ ಶುರು ಮತ್ತು ಕೊನೆಯನ್ನು ಮಾರ್ಕರ್‌ಗಳಾಗಿ (ಬಫರ್‌ನಲ್ಲಿ ಜಾಗದ ಗುರುತುಗಳಾಗಿ) ಮಾಡಿಟ್ಟುಕೊಳ್ಳಿ, ಆಮೇಲೆ ತಿದ್ದಿ. ಮುಂದಿನ ಪಠ್ಯ ಹಿಂದೆ ಮುಂದೆ ಸರಿದರೆ ಮಾರ್ಕರ್ ಕೂಡ ತಾನಾಗಿ ಸರಿಯುತ್ತದೆ. ನನಗೆ ಇಮ್ಯಾಕ್ಸ್‌ನಲ್ಲಿ ತುಂಬಾ ಇಷ್ಟವಾದ ವಸ್ತುಗಳಲ್ಲಿ ಈ ಮಾರ್ಕರ್ ಒಂದು. ಬೇರೆ ಕಡೆ ಸ್ಥಾನದ ಲೆಕ್ಕ ತಪ್ಪದಿರಲಿ ಅಂತ ಫೈಲ್‌ನ ಕೆಳಗಿನಿಂದ ಮೇಲಕ್ಕೆ ತಿದ್ದುತ್ತಾ ಬರಬೇಕಾಗುತ್ತದೆ.

ಟ್ರೀ-ಸಿಟ್ಟರ್ ಬಂದ ಖುಷಿಯಲ್ಲೇ ನಾನು ದೊಡ್ಡ ತಪ್ಪು ಮಾಡಿದೆ. ಇನ್ನೊಂದು ಉಪಕರಣಕ್ಕೆ ಇದೇ ಗ್ಲೋಬಲ್‌ನಿಂದ ಸ್ಟ್ರಕ್ಟ್ ಕೆಲಸ. ಆಫ್‌ಸೆಟ್ ಅನ್ನುವ ಹೆಸರು ಎಲ್ಲಿ ಬಳಕೆಯಾದರೂ ಸ್ಟ್ರಕ್ಟ್ ಒಳಗಿನ ಆಫ್‌ಸೆಟ್ ಆಗಲಿ ಅಂತ ಬರೆದೆ. ಡಿಕ್ಲರೇಶನ್‌ಗಳನ್ನು ಮುಟ್ಟಬೇಡ ಅಂತಲೂ ಸೇರಿಸಿದೆ. ಆದರೆ ಒಂದು ಫಂಕ್ಷನ್ ಒಳಗೆ ಅದೇ ಹೆಸರಿನ ಲೋಕಲ್ ವೇರಿಯಬಲ್ (ಆ ಫಂಕ್ಷನ್‌ಗೆ ಮಾತ್ರ ಸೇರಿದ್ದು) ಇತ್ತು. ಮೆಮೊರಿಗೆ ಬರೆಯುವಾಗ ವಿಳಾಸ ಎಣಿಸಲು ಇಟ್ಟಿದ್ದು. ಸ್ಕ್ರಿಪ್ಟ್ ಅದರ ಡಿಕ್ಲರೇಶನ್ ಬಿಟ್ಟು ಬಳಕೆಯನ್ನೆಲ್ಲ ಬದಲಾಯಿಸಿತು. ಟ್ರೀ-ಸಿಟ್ಟರ್‌ಗೆ ವ್ಯಾಕರಣ ಗೊತ್ತು. ಯಾವ ಹೆಸರು ಯಾವ ವೇರಿಯಬಲ್‌ನದು ಅನ್ನುವುದು ಗೊತ್ತಿಲ್ಲ. ಕಂಪೈಲರ್ ಪಾಪ ಬಳಸದ ವೇರಿಯಬಲ್ ಇದೆ ಅಂತ ವಾರ್ನಿಂಗ್ ಕೊಟ್ಟಿತ್ತು. ಆದರೆ ನಮ್ಮ ಬಿಲ್ಡ್‌ನಲ್ಲಿ ಆಗಲೇ ನೂರಾರು ವಾರ್ನಿಂಗ್ ಇದ್ದವು, ಇದೂ ಅದರಲ್ಲಿ ಮುಳುಗಿಹೋಯಿತು. ಟೇಬಲ್ ಮೇಲೆ ಟೆಸ್ಟ್ ಮಾಡುವಾಗ ಪ್ರತಿ ಸಲ ಸೇವ್ ಮಾಡಿದ ಮೇಲೆ ರೀಡಿಂಗ್ ಸ್ವಲ್ಪ ಸ್ವಲ್ಪವೇ ಸರಿಯುತ್ತಿತ್ತು. ಕಾರಣ ಹುಡುಕಲು ಒಂದೂವರೆ ದಿನ ಹಿಡಿಯಿತು.

ಈಗ ನನ್ನ ಸ್ಕ್ರಿಪ್ಟ್ ಪ್ರತಿ ಹೆಸರಿನಿಂದ ಟ್ರೀಯಲ್ಲಿ ಮೇಲೆ ಹತ್ತಿ ಅದರ ಫಂಕ್ಷನ್‌ವರೆಗೆ ಹೋಗುತ್ತದೆ. ಅಲ್ಲಿ ಅದೇ ಹೆಸರಿನ ಲೋಕಲ್ ಅಥವಾ ಪ್ಯಾರಾಮೀಟರ್ ಇದ್ದರೆ ಮುಟ್ಟದೆ, ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಆ ಪಟ್ಟಿಯನ್ನು ನಾನೇ ಕೂತು ನೋಡುತ್ತೇನೆ. ಮತ್ತೆ, ವಾರ್ನಿಂಗ್‌ಗಳನ್ನು ಪೂರ್ತಿ ತೆಗೆಯದೆ ಇಂಥ ಯಾವ ರಿಫ್ಯಾಕ್ಟರಿಂಗ್‌ಗೂ (ಕೋಡ್‌ನ ರಚನೆ ಬದಲಾಯಿಸುವ ಕೆಲಸಕ್ಕೂ) ಕೈ ಹಾಕುವುದಿಲ್ಲ.

ಇನ್ನೊಂದು ಅಭ್ಯಾಸವನ್ನೂ ಅಲ್ಲಿಂದಲೇ ಶುರು ಮಾಡಿದೆ. ಹೆಸರು ಬದಲಾಯಿಸುವ ಹಂತವನ್ನು ಬೇರೆ ಕಮಿಟ್ ಮಾಡುತ್ತೇನೆ. ಆ ಹಂತದ ಮೊದಲು ಮತ್ತು ಆಮೇಲೆ ಬಿಲ್ಡ್ ಮಾಡಿ ಎರಡು ಬೈನರಿಗಳನ್ನು ಬೈಟ್ ಬೈಟ್ ಹೋಲಿಸುತ್ತೇನೆ. ಡೀಬಗ್ ಮಾಹಿತಿ ತೆಗೆದಿರಬೇಕು, ಬಿಲ್ಡ್ ದಿನಾಂಕ ಮತ್ತು ಅಸರ್ಟ್‌ಗಳು ಒಳಗೆ ಸೇರಿಸುವ ಸಾಲಿನ ಸಂಖ್ಯೆ ಬದಲಾಗಬಾರದು. ಇಷ್ಟು ನೋಡಿಕೊಂಡರೆ ಸಾಮಾನ್ಯವಾಗಿ ಎರಡೂ ಒಂದೇ ಇರುತ್ತವೆ. ಮುನ್ನೂರು ಜಾಗದಲ್ಲಿ ಕೋಡ್ ಬದಲಾಗಿ ಒಂದು ಬೈಟ್ ಕೂಡ ಬದಲಾಗಿಲ್ಲ ಅಂತ ಕಂಡಾಗ ಬರುವ ನೆಮ್ಮದಿ ದೊಡ್ಡದು.

ಇನ್ನು ಆ ಕಡಿಮೆಯಾದ ಅಂಕ. ಮ್ಯಾಕ್ರೋಗಳ, ಅಂದರೆ ಡಿಫೈನ್ ಬಳಸಿ ಕೋಡ್ ತುಣುಕಿಗೆ ಇಡುವ ಹೆಸರುಗಳ, ಮುಂದೆ ಇದೆಲ್ಲ ಸೋಲುತ್ತದೆ. ಡಿಫೈನ್ ಒಳಗಿನ ಕೋಡ್ ಅನ್ನು ಟ್ರೀ-ಸಿಟ್ಟರ್ ಬಿಡಿಸಿ ನೋಡುವುದಿಲ್ಲ, ಬರೀ ಪಠ್ಯವಾಗಿ ಬಿಡುತ್ತದೆ. ಅಲ್ಲಿನ ಕರೆಗಳು ಕಂಪೈಲರ್ ಬೈದಾಗಲೇ ಗೊತ್ತಾಗುವುದು. ಕೋಡ್‌ನ ಭಾಗವನ್ನು ಷರತ್ತಿನ ಮೇಲೆ ಸೇರಿಸುವ ಇಫ್‌ಡೆಫ್‌ಗಳು ಆವರಣಗಳ ನಡುವೆ ಹಾದುಹೋದರೆ ಟ್ರೀಯಲ್ಲಿ ಎರರ್ ನೋಡ್‌ಗಳು ತುಂಬುತ್ತವೆ. ಕಾಲ್‌ಬ್ಯಾಕ್ ಟೇಬಲ್‌ಗಳಲ್ಲಿ (ಆಮೇಲೆ ಕರೆಯಬೇಕಾದ ಫಂಕ್ಷನ್‌ಗಳ ಪಟ್ಟಿಗಳಲ್ಲಿ) ಫಂಕ್ಷನ್ ಹೆಸರು ಮಾತ್ರ ಇರುತ್ತದೆ, ಕರೆ ಇರುವುದಿಲ್ಲ, ಹಾಗಾಗಿ ಅವೂ ತಪ್ಪಿಸಿಕೊಳ್ಳುತ್ತವೆ. ಹಾಗೆ ಬಿಟ್ಟುಹೋದಲ್ಲಿ ಪಾಯಿಂಟರ್ ಟೈಪ್ ಹೊಂದುವುದಿಲ್ಲ. ಹೊಂದದ ಪಾಯಿಂಟರ್ ಟೈಪ್‌ಗಳಿಗೆ ಜಿಸಿಸಿ ಕಂಪೈಲರ್ ಮೊದಲೆಲ್ಲ ವಾರ್ನಿಂಗ್ ಮಾತ್ರ ಕೊಡುತ್ತಿತ್ತು. 2024ರಲ್ಲಿ ಬಂದ ಜಿಸಿಸಿ 14 ಅದನ್ನು ಎರರ್ ಮಾಡಿದೆ. ನನ್ನಂಥವರಿಗೆ ಇದು ತುಂಬಾ ಉಪಕಾರ.

ಸಿ ವ್ಯಾಕರಣವನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು, ಅದರ ಆವೃತ್ತಿ ಇಮ್ಯಾಕ್ಸ್ ಜೊತೆ ಹೊಂದಬೇಕು. ಒಂದು ಸಲ ಅಪ್‌ಡೇಟ್ ಆದ ಮೇಲೆ ಹಳೆಯ ಕ್ವೆರಿಗಳು ನಿಂತುಹೋಗಿದ್ದವು. ಇನ್ನೂರು ಫೈಲ್ ಮೇಲೆ ಸ್ಕ್ರಿಪ್ಟ್ ಓಡುವಾಗ ಎಡಿಟರ್ ಅಲ್ಲಾಡುವುದಿಲ್ಲ, ಸುಮ್ನೆ ಕಾಯಬೇಕು. ಎಲ್ಲಕ್ಕಿಂತ ಬೇಸರದ ವಿಷಯ, ಟೀಮ್‌ನಲ್ಲಿ ಬೇರೆ ಯಾರೂ ಲಿಸ್ಪ್ ಓದುವುದಿಲ್ಲ. ಡಿಫ್ ಅನ್ನು ಎಲ್ಲರೂ ಪರಿಶೀಲಿಸುತ್ತಾರೆ, ಅದನ್ನು ಹುಟ್ಟಿಸಿದ ಸ್ಕ್ರಿಪ್ಟ್ ಅನ್ನು ನೋಡುವವನು ನಾನೊಬ್ಬನೇ. ಇದು ಒಳ್ಳೆಯದಲ್ಲ, ಅಲ್ವಾ?

ಬೇರೆ ದಾರಿಗಳೂ ಇವೆ. ಒಂದೇ ಹೆಸರು ಬದಲಾಯಿಸಬೇಕು ಅಂದರೆ ಎಡಿಟರ್‌ಗಳಿಗೆ ಸಿ ಕೋಡ್‌ನ ಅರ್ಥ ಹೇಳಿಕೊಡುವ ಕ್ಲ್ಯಾಂಗ್‌ಡಿ ಸಾಕು. ಇಂಥ ಸಾಧನಗಳನ್ನು ಇಮ್ಯಾಕ್ಸ್‌ಗೆ ಜೋಡಿಸುವ ಎಗ್ಲಾಟ್ ಇಮ್ಯಾಕ್ಸ್ 29ರ ಜೊತೆಗೇ ಬರುವುದರಿಂದ ಅದನ್ನೂ ಇಲ್ಲೇ ಬಳಸಬಹುದು. ಯಾವ ಹೆಸರು ಯಾವ ವೇರಿಯಬಲ್‌ನದು ಅನ್ನುವುದು ಕ್ಲ್ಯಾಂಗ್‌ಡಿಗೆ ಸರಿಯಾಗಿ ಗೊತ್ತಿರುತ್ತದೆ. ಒಂದೇ ಮಾದರಿಯ ಕೋಡ್ ಸಾವಿರ ಕಡೆ ಇದ್ದರೆ, ಸಿ ಕೋಡ್‌ನ ಮಾದರಿ ಹುಡುಕಿ ಬದಲಾಯಿಸುವ ಕಾಕ್ಸಿನೆಲ್ ನೋಡಿ. ಲಿನಕ್ಸ್ ಕರ್ನಲ್‌ನಲ್ಲಿ ಕೆಮ್ಯಾಲಾಕ್ (ಮೆಮೊರಿ ಕೇಳುವುದು) ಆದ ಮೇಲೆ ಮೆಮ್‌ಸೆಟ್ (ಅದಕ್ಕೆ ಸೊನ್ನೆ ತುಂಬುವುದು) ಬರುವ ಜಾಗಗಳನ್ನು ಎರಡನ್ನೂ ಒಟ್ಟಿಗೆ ಮಾಡುವ ಕೆಝ್ಯಾಲಾಕ್ ಆಗಿ ಬದಲಾಯಿಸುವಂಥ ಕೆಲಸಕ್ಕೆ ಅದನ್ನೇ ಬಳಸುತ್ತಾರೆ. ಎರಡು ಸಾಲುಗಳ ನಡುವೆ ಬೇರೆ ಕೋಡ್ ಇದ್ದರೂ ಹಿಡಿಯುತ್ತದೆ. ಆ ಕೆಲಸವನ್ನು ಲಿಸ್ಪ್‌ನಲ್ಲಿ ಮಾಡಲು ನಾನು ಹೋಗುವುದಿಲ್ಲ. ನನ್ನ ಕೆಲಸಗಳು ಹೆಚ್ಚಾಗಿ ಬೇರೆ ತರಹದವು: ನೂರು ಜಾಗ, ಪ್ರತಿ ಇಪ್ಪತ್ತರಲ್ಲಿ ಒಂದು ವಿಚಿತ್ರ. ವಿಚಿತ್ರ ಬಂದಾಗ ನಿಲ್ಲಿಸಿ, ನನ್ನನ್ನು ಕೇಳಿ, ಮುಂದೆ ಹೋಗುವ ಸಾಧನ ಬೇಕು. ಅದು ನನಗೆ ಇಲ್ಲಿ ಸಿಕ್ಕಿತು.

ಪ್ರಯತ್ನಿಸುವವರಿಗೆ ಇಷ್ಟು: ಇಮ್ಯಾಕ್ಸ್ 29 ಅಥವಾ ಆಮೇಲಿನದು ತೆಗೆದುಕೊಳ್ಳಿ. ಅದನ್ನು ಟ್ರೀ-ಸಿಟ್ಟರ್ ಸೇರಿಸಿ ಬಿಲ್ಡ್ ಮಾಡಿದ್ದಾರಾ ಅಂತ ನೋಡಿಕೊಳ್ಳಿ. ಸ್ಕ್ರಿಪ್ಟ್ ಫೈಲ್‌ನ ಮೊದಲ ಸಾಲಲ್ಲೇ ಲೆಕ್ಸಿಕಲ್-ಬೈಂಡಿಂಗ್ (ವೇರಿಯಬಲ್‌ಗಳು ಎಲ್ಲಿ ಕಾಣುತ್ತವೆ ಅನ್ನುವುದರ ನಿಯಮ) ಆನ್ ಮಾಡಿ, ಇಲ್ಲದಿದ್ದರೆ ವೇರಿಯಬಲ್‌ಗಳು ನೀವು ಅಂದುಕೊಂಡಂತೆ ನಡೆಯದೆ ಇರಬಹುದು. ಮೊದಲ ದಿನವೇ ಟ್ರೀ ಬೇಡ. ರೆಜೆಕ್ಸ್ ರಿಪ್ಲೇಸ್ ಮಾಡುವಾಗ, ಬದಲಿ ಪಠ್ಯದ ಜಾಗದಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು ಅಲ್ಪವಿರಾಮ ಹಾಕಿ ಒಂದು ಸಣ್ಣ ಲಿಸ್ಪ್ ಲೆಕ್ಕ ಬರೆದು ನೋಡಿ. ಶುರು ಮಾಡುವ ಮೊದಲು ಗಿಟ್‌ನಲ್ಲಿ (ಕೋಡ್‌ನ ಹಳೆಯ ರೂಪಗಳನ್ನು ಉಳಿಸುವ ಸಾಧನದಲ್ಲಿ) ಎಲ್ಲ ಕಮಿಟ್ ಆಗಿರಲಿ.